ನೀರಲ್ಲೋ, ಹಾಲಲ್ಲೋ? ಬ್ರೆಜಿಲ್‌ನಲ್ಲಿ ಹಣ್ಣಿನ ರಸ ಕೇಳುವುದು, ಮಾಡುವುದು

“ನಾ ಆಗ್ವ ಓ ನು ಲೇಚಿ?”

ಸಾವೋ ಪಾವ್ಲೊಗೆ ಬಂದ ಎರಡನೇ ದಿನ ಕೌಂಟರ್ ಆಚೆ ನಿಂತ ಹುಡುಗ ನನ್ನನ್ನು ಹೀಗೆ ಕೇಳಿದ. ನಮ್ಮ ಮನೆಯ ಕೆಳಗೇ ಒಂದು ಪದರೀಯ ಇದೆ. ಪದರೀಯ ಅಂದರೆ ಬೇಕರಿ. ಆದರೆ ಕಾಫಿ, ಮಧ್ಯಾಹ್ನದ ಊಟ, ಜ್ಯೂಸ್ ಎಲ್ಲವೂ ಅಲ್ಲೇ ಸಿಗುತ್ತದೆ. ಗೋಡೆಯ ಮೇಲೆ ಹಣ್ಣುಗಳ ಉದ್ದ ಪಟ್ಟಿ. ಅದರಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದೇ ಹೆಸರು, ಮಾಂಗ. ಅದಕ್ಕೇ ಬೆರಳು ತೋರಿಸಿದೆ. ಹುಡುಗನ ಪ್ರಶ್ನೆ ಅರ್ಥವಾಗದೆ ನಮ್ಮ ಊರಿನ ಹಾಗೆ ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ಅಂತ ಅವನಿಗೆ ತಿಳಿಯಲಿಲ್ಲ. ಕೊನೆಗೆ ಒಂದು ಕೈಯಲ್ಲಿ ನೀರಿನ ಜಗ್, ಇನ್ನೊಂದರಲ್ಲಿ ಹಾಲಿನ ಪೆಟ್ಟಿಗೆ ಹಿಡಿದು ತೋರಿಸಿದ. ನಾನು ಹಾಲು ಅಂದೆ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅಜ್ಜಿ ಹೌಹಾರಿದರು. ಮಾವು, ಹಾಲು ಒಟ್ಟಿಗೆ ಹೊಟ್ಟೆಗೆ ಹೋದರೆ ಕೆಟ್ಟದ್ದು ಅನ್ನುವುದು ಇಲ್ಲಿನ ಹಳೆಯ ನಂಬಿಕೆಯಂತೆ. ಗುಲಾಮರು ಹಾಲಿಗೆ ಬಾಯಿ ಹಾಕದಿರಲಿ ಅಂತ ತೋಟದ ಒಡೆಯರೇ ಇದನ್ನು ಹಬ್ಬಿಸಿದರು ಅಂತ ಇಲ್ಲಿಯವರೇ ಹೇಳುತ್ತಾರೆ. ಗುಲಾಮಗಿರಿ ಕಾನೂನಿನಿಂದ ಹೋದದ್ದು 1888ರಲ್ಲಿ. ನಂಬಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. ಮಾವನ್ನು ನಮ್ಮ ಕಡೆಯಿಂದ ಇಲ್ಲಿಗೆ ತಂದದ್ದು ಪೋರ್ಚುಗೀಸರು. ಹಣ್ಣಿನ ಜೊತೆ ಸೀಕರಣೆಯನ್ನೂ ತರಬೇಕಿತ್ತು. ನಾನು ಇಡೀ ಗ್ಲಾಸ್ ಕುಡಿದು ಮುಗಿಸುವವರೆಗೂ ಅಜ್ಜಿ ಕಣ್ಣು ಕೀಳಲಿಲ್ಲ.

ಆಮೇಲೆ ಇಲ್ಲಿಗೆ ಬಂದ ನಮ್ಮವರು ಒಬ್ಬೊಬ್ಬರಾಗಿ ನನ್ನನ್ನು ಇದನ್ನೇ ಕೇಳಿದ್ದಾರೆ. ಏನಂತ ಕೇಳುವುದು, ಯಾವ ಹಣ್ಣು ತೆಗೆದುಕೊಳ್ಳುವುದು, ಮನೆಯಲ್ಲಿ ಹೇಗೆ ಮಾಡುವುದು. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ. ಊರಲ್ಲೇ ಇರುವವರಿಗೂ ಕೊನೆಯ ಭಾಗ ಉಪಯೋಗಕ್ಕೆ ಬರುತ್ತದೆ. ಗೇರು ಮರ ಇದ್ದವರಿಗಂತೂ ಖಂಡಿತ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ಜ್ಯೂಸ್ ಅಂದರೆ ಜ್ವರ ಬಂದಾಗ ಕುಡಿಯುವುದಲ್ಲ, ನೆಂಟರು ಬಂದಾಗ ಕೊಡುವುದೂ ಅಲ್ಲ. ಅದು ಊಟದ ಭಾಗ. ಅನ್ನ, ಹುರುಳಿ ಸಾರಿನ ಥರದ ಬೀನ್ಸ್, ಪಕ್ಕದಲ್ಲಿ ಒಂದು ಜಗ್ ಜ್ಯೂಸ್. ನಮ್ಮಲ್ಲಿ ಊಟದ ಕೊನೆಗೆ ಮಜ್ಜಿಗೆ ಇದ್ದಂತೆ. ಹಾಗಾಗಿ ಅದು ತೆಳ್ಳಗಿರಬೇಕು, ಆಗಿಂದಾಗ್ಗೆ ಮಾಡಿರಬೇಕು. ಚಮಚ ನಿಲ್ಲುವಷ್ಟು ದಪ್ಪ ಮಾಡಿದರೆ ಊಟದ ಜೊತೆ ಇಳಿಯುವುದಿಲ್ಲ.

ಕೌಂಟರ್‌ನಲ್ಲಿ

ಜ್ಯೂಸ್‌ಗೆ ಸೂಕು ಅನ್ನುತ್ತಾರೆ. ಸುಮ್ನೆ ಸೂಕು ಅಂದರೆ ಕೆಲವು ಕಡೆ ಪೆಟ್ಟಿಗೆಯದ್ದನ್ನು ಕೊಟ್ಟುಬಿಡುತ್ತಾರೆ. “ಸೂಕು ನಾತುರಾವ್” ಅನ್ನಿ. ಅಂಗಡಿಯಲ್ಲಿ ಪೆಟ್ಟಿಗೆ ಕೊಳ್ಳುವಾಗ ‘ನೆಕ್ತಾರ್’ ಅಂತ ಇದ್ದರೆ ಅದರಲ್ಲಿ ನೀರು, ಸಕ್ಕರೆ ಸೇರಿದೆ ಅಂತ ಅರ್ಥ. ನಾನು ಕೊಳ್ಳುವುದಿಲ್ಲ.

ಹೇಳುವ ಕ್ರಮ ಹೀಗೆ: ಮೊದಲು ಹಣ್ಣು, ಆಮೇಲೆ ನೀರೋ ಹಾಲೋ, ಆಮೇಲೆ ಸಕ್ಕರೆ, ಕೊನೆಗೆ ಐಸ್. ಆಗ್ವ ನೀರು, ಲೇಚಿ ಹಾಲು. “ಸೇಂ ಅಸೂಕರ್” ಅಂದರೆ ಸಕ್ಕರೆ ಬೇಡ. ನೀವಾಗಿ ಹೇಳದಿದ್ದರೆ ಬಹಳ ಕಡೆ ಧಾರಾಳವಾಗಿ ಸುರಿಯುತ್ತಾರೆ, ಇವರದ್ದು ಸಕ್ಕರೆಯ ದೇಶ. “ಸೇಂ ಜೇಲು” ಅಂದರೆ ಐಸ್ ಬೇಡ. ಐಸ್ ಇಲ್ಲದಿದ್ದರೆ ಗ್ಲಾಸಿನಲ್ಲಿ ಜ್ಯೂಸ್ ಜಾಸ್ತಿ ಹಿಡಿಯುತ್ತದೆ. ನಮ್ಮ ಲೆಕ್ಕಾಚಾರ ಯಾವ ದೇಶಕ್ಕೆ ಹೋದರೂ ಬಿಡುವುದಿಲ್ಲ ಅಲ್ವಾ?

ಉಪ್ಪು ಮಾತ್ರ ಕೇಳಬೇಡಿ. ನಿಂಬೆ ಶರಬತ್ತಿಗೆ ಚಿಟಿಕೆ ಉಪ್ಪು ಅಂತ ನಾನು ಒಮ್ಮೆ ಕೇಳಿದೆ. ಹುಡುಗ ಉಪ್ಪಿನ ಪೊಟ್ಟಣ ತಂದಿಟ್ಟು, ತಿನ್ನಲು ಏನು ಕೊಡಲಿ ಅಂತ ಕಾಯುತ್ತಾ ನಿಂತ.

ಯಾವುದಕ್ಕೆ ಹಾಲು, ಯಾವುದಕ್ಕೆ ನೀರು? ಬಾಳೆಹಣ್ಣು, ಪಪ್ಪಾಯ, ಬೆಣ್ಣೆಹಣ್ಣು ಹಾಲಿಗೆ. ಹಾಲು ಹಾಕಿದ್ದಕ್ಕೆ ವಿಟಮೀನ ಅಂತಲೇ ಹೆಸರು. ಅನಾನಸ್, ಕಲ್ಲಂಗಡಿ, ಅಸೆರೋಲ, ಗೇರುಹಣ್ಣು ನೀರಿಗೆ. ಅಸೆರೋಲ ಚೆರ್ರಿಯಂತೆ ಕಾಣುವ, ಬಹಳ ಹುಳಿಯಾದ ಕೆಂಪು ಹಣ್ಣು. ಅದನ್ನು ಕಿತ್ತಳೆ ರಸದ ಜೊತೆ ರುಬ್ಬಿಸಿಕೊಂಡರೆ ಇನ್ನೂ ರುಚಿ. ಕಿತ್ತಳೆಗೆ ಮಾತ್ರ ನೀರೋ ಹಾಲೋ ಅಂತ ಯಾರೂ ಕೇಳುವುದಿಲ್ಲ. ಅದು ಹಿಂಡಿದ ರಸ ಅಷ್ಟೇ. ಪ್ರಪಂಚದಲ್ಲಿ ಅತಿ ಹೆಚ್ಚು ಕಿತ್ತಳೆ ರಸ ರಫ್ತು ಮಾಡುವ ದೇಶ ಇದು, ಅದರಲ್ಲೂ ಸಾವೋ ಪಾವ್ಲೊ ರಾಜ್ಯದ್ದೇ ದೊಡ್ಡ ಪಾಲು. ರಸಕ್ಕೆ ‘ಲರಾಂಜ ಪೇರ’ ಜಾತಿ. ‘ಲರಾಂಜ ಲೀಮ’ ಅನ್ನುವುದು ಹುಳಿಯೇ ಇಲ್ಲದ ಜಾತಿ, ಪುಟ್ಟ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಮೂಸಂಬಿಯ ನೆನಪು ಬರುತ್ತದೆ.

ಅನಾನಸ್ ವಿಷಯದಲ್ಲಿ ನಾನು ಮೋಸ ಹೋದೆ. ನಮ್ಮ ಅನಾನಸ್ ಪೋರ್ಚುಗೀಸರಿಂದ ಬಂದ ಪದ, ಇಲ್ಲೂ ಅದೇ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಅದು ಅಬಕಶೀ. “ಅಬಕಶೀ ಕೊಂ ಒರ್ತೆಲಾಂ” ಅಂದರೆ ಪುದಿನ ಹಾಕಿದ ಅನಾನಸ್ ಜ್ಯೂಸ್. ಹೊಸಬರು ಇದರಿಂದಲೇ ಶುರು ಮಾಡಿ, ಯಾರೂ ಬೇಡ ಅಂದದ್ದು ನಾನು ನೋಡಿಲ್ಲ.

ಇನ್ನೊಂದು ಪ್ರಶ್ನೆ ಕಲಿತುಕೊಳ್ಳಿ: “ಎ ದ ಫ್ರೂತ ಓ ದ ಪೋವ್ಪ?” ಹಣ್ಣಿನದ್ದೋ, ಪೋವ್ಪದ್ದೋ? ಪೋವ್ಪ ಅಂದರೆ ತಿರುಳನ್ನು ಹಿಂಡಿ 100 ಗ್ರಾಂ ಪೊಟ್ಟಣದಲ್ಲಿ ಹೆಪ್ಪುಗಟ್ಟಿಸಿದ್ದು. ಪೋವ್ಪ ಅಂದ ಕೂಡಲೇ ಮೂಗು ಮುರಿಯಬೇಡಿ. ಕುಪುಅಸು, ಗ್ರವಿಯೋಲ, ಕಜಾ ಥರದ ಹಣ್ಣುಗಳು ಬೆಳೆಯುವುದು ಉತ್ತರದಲ್ಲಿ, ಸಾವಿರಾರು ಕಿಲೋಮೀಟರ್ ದೂರ. ಇಲ್ಲಿಗೆ ಬರುವುದರೊಳಗೆ ಕೊಳೆತೇ ಹೋಗುತ್ತವೆ. ಅವಕ್ಕೆ ಪೋವ್ಪವೇ ಸರಿ. ಅನಾನಸ್, ಕಲ್ಲಂಗಡಿ ಪೋವ್ಪದ್ದು ಅಂದರೆ ಮಾತ್ರ ಎದ್ದು ಬನ್ನಿ.

ಇನ್ನು ಶೊರೀನ್ಯು. ಜ್ಯೂಸ್ ರುಬ್ಬಿ ಗ್ಲಾಸ್ ತುಂಬಿಸಿದ ಮೇಲೆ ಜಾರ್‌ನಲ್ಲಿ ಸ್ವಲ್ಪ ಉಳಿಯುತ್ತದಲ್ಲ, ಅದು. ಒಳ್ಳೆಯ ಅಂಗಡಿಯವನು ಅದನ್ನೂ ನಿಮ್ಮ ಪಕ್ಕದಲ್ಲೇ ಇಡುತ್ತಾನೆ, ಅರ್ಧ ಗ್ಲಾಸ್ ಆದ ಕೂಡಲೇ ಸುರಿಯುತ್ತಾನೆ. ನಮ್ಮ ಸಂತೆಯ ಕೊಸರು ಇದೇ. ಪದದ ಅರ್ಥ ‘ಪುಟ್ಟ ಅಳು’. ಬೆಲೆ ಇಳಿಸಲು ಗೋಗರೆಯುವುದಕ್ಕೂ ಇವರು ಅಳುವುದು ಅಂತಲೇ ಅನ್ನುತ್ತಾರೆ. ನಾವು ಕೊಸರಾಡುತ್ತೇವೆ, ಇವರು ಅಳುತ್ತಾರೆ. ಕೊಡದಿದ್ದರೆ ನಗುತ್ತಾ “ಶೊರೀನ್ಯು?” ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಸಂತೆಯ ಕಬ್ಬಿನ ಹಾಲು

ವಾರಕ್ಕೊಮ್ಮೆ ಒಂದೊಂದು ಬೀದಿಯಲ್ಲಿ ಸಂತೆ ನಡೆಯುತ್ತದೆ, ಹೆಸರು ಫೇರ. ಅಲ್ಲಿ ಕಬ್ಬಿನ ಹಾಲಿನ ಗಾಡಿ ಇದ್ದೇ ಇರುತ್ತದೆ. ಕಾವ್ದು ಜಿ ಕಾನ ಅಂತ ಕೇಳಿ. ಕಬ್ಬಿನ ಜೊತೆ ನಿಂಬೆ ಅಥವಾ ಅನಾನಸ್ ತುಂಡನ್ನೂ ಗಾಣಕ್ಕೆ ಕೊಡುತ್ತಾರೆ. ಶುಂಠಿ ಕೇಳಿ ನೋಡಿ, ಎಲ್ಲರ ಹತ್ತಿರ ಇರುವುದಿಲ್ಲ. ಇದರ ಜೊತೆಗಾರ ಪಸ್ತೇವ್, ಅಂದರೆ ಎಣ್ಣೆಯಲ್ಲಿ ಕರಿದ ದೊಡ್ಡ ಚೌಕದ ಕರ್ಜಿಕಾಯಿ ಥರದ್ದು. ಸಸ್ಯಾಹಾರಿಗಳು “ಕೇಜು” ಅನ್ನಿ, ಚೀಸ್ ತುಂಬಿದ್ದು ಸಿಗುತ್ತದೆ. ಗೋಡಂಬಿಯ ಕಜು ಬೇರೆ, ಚೀಸಿನ ಕೇಜು ಬೇರೆ. ನಾನು ಮೊದಲ ತಿಂಗಳು ಇವೆರಡನ್ನೂ ಅದಲುಬದಲು ಮಾಡಿದ್ದೇ ಮಾಡಿದ್ದು.

ಮನೆಯಲ್ಲಿ: ನಿಂಬೆಯಿಂದ ಶುರು ಮಾಡಿ

ಲಿಮೊನಾದ ಸುಯೀಸ. ಹೆಸರಿನಲ್ಲಿ ಸ್ವಿಟ್ಜರ್ಲೆಂಡ್ ಇದ್ದರೂ ಕುಡಿಯುವವರೆಲ್ಲ ಬ್ರೆಜಿಲ್‌ನವರೇ. ಇದರ ವಿಶೇಷ ಅಂದರೆ ನಿಂಬೆಯನ್ನು ಸಿಪ್ಪೆ ಸಮೇತ ರುಬ್ಬುವುದು.

ಇಲ್ಲಿ ಸಿಗುವ ಹಸಿರು ತಾಯಿಚಿ ನಿಂಬೆ ದೊಡ್ಡದು, ಬೀಜವಿಲ್ಲ. ಎರಡು ಸಾಕು. ಊರಿನ ಸಣ್ಣ ನಿಂಬೆಯಾದರೆ ಮೂರು ತೆಗೆದುಕೊಳ್ಳಿ. ತೆಳು ಸಿಪ್ಪೆಯದ್ದೇ ಆಗಬೇಕು, ಬೀಜ ಒಂದೂ ಇರಬಾರದು. ಚೆನ್ನಾಗಿ ಉಜ್ಜಿ ತೊಳೆಯಿರಿ. ಎರಡು ತುದಿ ಕತ್ತರಿಸಿ ಬಿಸಾಡಿ. ನಾಲ್ಕು ಹೋಳು ಮಾಡಿ, ನಡುವೆ ಬಿಳಿ ದಾರದಂತೆ ಇರುತ್ತದಲ್ಲ, ಅದನ್ನು ಚಾಕುವಿನಿಂದ ತೆಗೆಯಿರಿ. ಒಂದು ಲೀಟರ್ ತಣ್ಣನೆ ನೀರು, ನಾಲ್ಕೈದು ಚಮಚ ಸಕ್ಕರೆ, ಬೇಕಾದರೆ ಎರಡು ಚಮಚ ಕಂಡೆನ್ಸ್‌ಡ್ ಮಿಲ್ಕ್. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ, ಅಷ್ಟೇ. ಒಟ್ಟು ಹತ್ತು ಸೆಕೆಂಡ್ ದಾಟಬಾರದು. ಕೂಡಲೇ ಸೋಸಿ. ಮೇಲೆ ಹಾಲಿನ ನೊರೆಯಂತೆ ತಿಳಿಹಸಿರು ನೊರೆ ನಿಲ್ಲುತ್ತದೆ. ಮೂಗಿಗೆ ಮೊದಲು ಬರುವುದು ಸಿಪ್ಪೆಯ ಎಣ್ಣೆಯ ಘಮ. ಹಿಂಡಿದ ಶರಬತ್ತಿನಲ್ಲಿ ಆ ಘಮ ಸಿಗುವುದಿಲ್ಲ.

ಕೂಡಲೇ ಕುಡಿಯಿರಿ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಒಮ್ಮೆ ಮನೆಗೆ ಎಂಟು ಜನ ಊಟಕ್ಕೆ ಬರುವವರಿದ್ದರು. ಬುದ್ಧಿವಂತಿಕೆ ಮಾಡಿ ಬೆಳಿಗ್ಗೆಯೇ ಎರಡು ಜಗ್ ಮಾಡಿ ಫ್ರಿಜ್‌ನಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹಾಗಲಕಾಯಿ ರಸ. ಪಾಪ, ಬಂದವರು ಮರ್ಯಾದೆಗೆ ಅರ್ಧರ್ಧ ಗ್ಲಾಸ್ ಕುಡಿದರು. ಕೊನೆಗೆ ಒಬ್ಬಾಕೆ ಅಡುಗೆಮನೆಗೆ ಬಂದು, ಏನೂ ಮಾತಾಡದೆ, ಹೊಸದಾಗಿ ನಿಂಬೆ ಕತ್ತರಿಸಲು ಶುರು ಮಾಡಿದರು. ಬಿಳಿ ದಾರ ತೆಗೆಯುವುದನ್ನು ನನಗೆ ಕಲಿಸಿದ್ದು ಅವರೇ.

ಮರಕುಜಾ

ಕೊಡಗಿಗೆ ಹೋದವರು ಪ್ಯಾಶನ್ ಫ್ರೂಟ್ ಸ್ಕ್ವಾಷ್ ಬಾಟಲಿ ತಂದಿರುತ್ತೀರಿ. ಅದೇ ಹಣ್ಣು. ಇಲ್ಲಿಯದ್ದು ಹಳದಿ, ದೊಡ್ಡದು, ಜಾಸ್ತಿ ಹುಳಿ. ನುಣ್ಣಗೆ ಹೊಳೆಯುವ ಹಣ್ಣು ಆರಿಸಬೇಡಿ. ಸಿಪ್ಪೆ ಸುಕ್ಕುಗಟ್ಟಿರಬೇಕು, ಕೈಯಲ್ಲಿ ಹಿಡಿದರೆ ಭಾರ ಇರಬೇಕು.

ಒಂದು ಲೀಟರ್ ನೀರಿಗೆ ಎರಡು ಹಣ್ಣು. ತಿರುಳು ಬೀಜ ಸಮೇತ ಮಿಕ್ಸಿಗೆ. ಎರಡು ಸಲ ಗುರ್ ಅನ್ನಿಸಿ ನಿಲ್ಲಿಸಿ. ಬೀಜದಿಂದ ತಿರುಳು ಬಿಡಬೇಕು, ಬೀಜ ಒಡೆಯಬಾರದು. ಒಡೆದರೆ ಕಪ್ಪು ಪುಡಿ ಜಾಲರಿಯಲ್ಲೂ ನಿಲ್ಲುವುದಿಲ್ಲ, ರುಚಿಯೂ ಕೆಡುತ್ತದೆ. ಸೋಸಿ ಸಕ್ಕರೆ ಹಾಕಿ. ಇದು ಕುಡಿದರೆ ಮನಸ್ಸು ಶಾಂತವಾಗುತ್ತದೆ ಅಂತ ಇಲ್ಲಿ ಎಲ್ಲರೂ ನಂಬುತ್ತಾರೆ. ಯಾರಾದರೂ ರೇಗಾಡಿದರೆ “ಹೋಗಿ ಒಂದು ಮರಕುಜಾ ಜ್ಯೂಸ್ ಕುಡಿ” ಅನ್ನುವುದು ಮಾಮೂಲಿ ಮಾತು. ಆಫೀಸಿನಿಂದ ಬಂದ ನಮ್ಮವರ ಮೇಲೆ ಪ್ರಯೋಗ ಮಾಡಿ ನೋಡಿದ್ದೇನೆ. ನಿದ್ದೆ ಬರಲಿಲ್ಲ, ಇನ್ನೊಂದು ಗ್ಲಾಸ್ ಕೇಳಿದರು.

ಬೆಣ್ಣೆಹಣ್ಣಿನದ್ದು ಹೇಳುವ ಅಗತ್ಯವೇ ಇಲ್ಲ. ಬೆಂಗಳೂರಿನ ಬಟರ್ ಫ್ರೂಟ್ ಜ್ಯೂಸ್, ಹಾಲು ಸಕ್ಕರೆ ಹಾಕಿ ರುಬ್ಬುವುದು, ಅದೇ ಇಲ್ಲೂ. ಉಪ್ಪು ಮೆಣಸು ಹಾಕಿ ತಿನ್ನುವವರ ನಡುವೆ, ಇದು ಸಿಹಿ ತಿನಿಸು ಅಂತ ನಂಬಿದವರು ನಾವು ಮತ್ತು ಇವರು. ಪೋವ್ಪಕ್ಕೂ ಸುಲಭ ಲೆಕ್ಕ: ಒಂದು ಪೊಟ್ಟಣಕ್ಕೆ ಒಂದು ಗ್ಲಾಸ್ ನೀರು. ಪೊಟ್ಟಣವನ್ನು ನಲ್ಲಿ ನೀರಿನ ಕೆಳಗೆ ಹತ್ತು ಸೆಕೆಂಡ್ ಹಿಡಿದು, ಕೈಯಲ್ಲೇ ಮುರಿದು, ಮಿಕ್ಸಿಗೆ ಹಾಕಿ.

ಅಸಾಯೀ ಬಗ್ಗೆ ಎರಡು ಮಾತು

ಅಸಾಯೀ ಅಂದರೆ ತಾಳೆ ಜಾತಿಯ ಒಂದು ಮರದ ಸಣ್ಣ ಹಣ್ಣು. ರಿಯೊ, ಸಾವೋ ಪಾವ್ಲೊದಲ್ಲಿ ಅದನ್ನು ನೇರಳೆ ಬಣ್ಣದ ಐಸ್‌ಕ್ರೀಮಿನಂತೆ, ಬಾಳೆಹಣ್ಣು, ಗ್ರನೋಲ, ಗ್ವರನಾ ಅನ್ನುವ ಹಣ್ಣಿನ ಸಿಹಿ ಪಾಕ ಹಾಕಿ ಕೊಡುತ್ತಾರೆ. ಅದರ ತವರು ಅಮೆಜಾನ್ ನದಿ ಸಮುದ್ರ ಸೇರುವ ಪರಾ ರಾಜ್ಯ. ಅಲ್ಲಿಯವರು ಅದನ್ನು ಊಟಕ್ಕೆ, ಮೀನಿನ ಜೊತೆ, ಮರಗೆಣಸಿನ ಹಿಟ್ಟು ಕಲಸಿಕೊಂಡು ತಿನ್ನುತ್ತಾರೆ. ಪರಾದ ರಾಜಧಾನಿ ಬೆಲೆಂ ಊರಿನವರ ಮುಂದೆ ಬಾಳೆಹಣ್ಣು ಹಾಕಿ ತಿಂದರೆ, ಮುದ್ದೆಗೆ ಜಾಮ್ ಹಚ್ಚಿಕೊಂಡವರನ್ನು ನೋಡಿದಂತೆ ನೋಡುತ್ತಾರೆ. ಬೆಲೆಂಗೆ ಹೋದರೆ ತೆಳ್ಳಗಿನದ್ದೋ, ಮಧ್ಯಮವೋ, ದಪ್ಪವೋ ಅಂತ ಕೇಳಿ ಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಶುಚಿ ನೋಡಿ ತೆಗೆದುಕೊಳ್ಳಿ. ಹಣ್ಣಿನ ಜೊತೆ ಒಂದು ಬಗೆಯ ತಿಗಣೆ ಸೇರಿ ರುಬ್ಬಿದರೆ ಶಾಗಸ್ ಅನ್ನುವ ಕಾಯಿಲೆ ಬರಬಹುದು. ಅದಕ್ಕೇ ಒಳ್ಳೆಯ ಅಂಗಡಿಯವರು ಹಣ್ಣನ್ನು ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆದ ಮೇಲೆಯೇ ರುಬ್ಬುತ್ತಾರೆ.

ಗೇರುಹಣ್ಣು

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಪುತ್ತೂರಿನ ಹತ್ತಿರದವಳು. ಗುಡ್ಡದ ತುಂಬ ಗೇರು ಮರ. ರಜೆಯಲ್ಲಿ ನಮ್ಮ ಕೆಲಸ ಬೀಜ ತಿರುಚಿ ತೆಗೆದು ಹಣ್ಣನ್ನು ಅಲ್ಲೇ ಬಿಸಾಡುವುದು. ಒಂದೆರಡು ಹಣ್ಣಿಗೆ ಉಪ್ಪು ಸವರಿ ಚೀಪುತ್ತಿದ್ದೆವು, ಮಿಕ್ಕಿದ್ದು ದನಕ್ಕೆ, ಇಲ್ಲವೇ ಮಣ್ಣಿಗೆ.

ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಅದೇ ಗೇರುಹಣ್ಣನ್ನು ಥರ್ಮೊಕೋಲ್ ತಟ್ಟೆಯಲ್ಲಿ, ಪ್ಲಾಸ್ಟಿಕ್ ಸುತ್ತಿ, ಬೀಜ ಸಮೇತ ಮೊಟ್ಟೆಯಂತೆ ಜೋಡಿಸಿಟ್ಟಿದ್ದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಮರದ ತವರು ಇದೇ ದೇಶದ ಈಶಾನ್ಯ ಭಾಗ. ಪೋರ್ಚುಗೀಸರು 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಕಾಜು ಬರ್ಫಿಯ ಕಾಜು ಕೂಡ ಇಲ್ಲಿನ ಟುಪಿ ಜನರ ಭಾಷೆಯ ಮಾತು. ಇಲ್ಲಿನ ಈಶಾನ್ಯದ ನಟಾಲ್ ಊರಿನ ಹತ್ತಿರ ಒಂದೇ ಒಂದು ಗೇರು ಮರ ಸುಮಾರು 8,500 ಚದರ ಮೀಟರ್ ಹರಡಿದೆ, ಎರಡು ಎಕರೆಗೂ ಜಾಸ್ತಿ. ಕೊಂಬೆಗಳು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಟ್ಟು ಮುಂದೆ ಹೋಗಿವೆ. ನಮ್ಮ ಗುಡ್ಡವೆಲ್ಲ ಸೇರಿದರೂ ಅಷ್ಟಿರಲಿಕ್ಕಿಲ್ಲ.

ಜ್ಯೂಸ್ ಮಾಡುವುದು ಹೀಗೆ. ಪೂರ್ತಿ ಮಾಗಿದ, ಗಾಯವಿಲ್ಲದ ಹಣ್ಣು ಐದು. ಕೊಯ್ದ ದಿನವೇ ಮಾಡಿ, ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಬೀಜವನ್ನು ತಿರುಚಿ ತೆಗೆಯಿರಿ. ಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅದನ್ನು ಮಿಕ್ಸಿಯ ಹತ್ತಿರವೂ ತರಬೇಡಿ. ಹಣ್ಣಿನ ಎರಡು ತುದಿ ಕತ್ತರಿಸಿ, ಹೋಳು ಮಾಡಿ, ಮುಕ್ಕಾಲು ಲೀಟರ್ ನೀರಿನ ಜೊತೆ ರುಬ್ಬಿ. ಸೋಸಿ, ಸಕ್ಕರೆ, ಐಸ್. ಬ್ರೆಜಿಲ್‌ನ ಮನೆಗಳಲ್ಲಿ ಇಷ್ಟೇ. ಗಂಟಲು ಹಿಡಿಯುವ ಒಗರು ಇದ್ದೇ ಇರುತ್ತದೆ, ಇವರಿಗೆ ಅದೇ ಇಷ್ಟ.

ಒಗರು ಬೇಡ ಅನ್ನುವವರಿಗೆ ಪಿಯಾವುಯಿ ರಾಜ್ಯದವರು ದಾರಿ ಹುಡುಕಿದ್ದಾರೆ. ನೀರು ಬೆರೆಸದ ಗೇರುಹಣ್ಣಿನ ರಸಕ್ಕೆ ಜೆಲಾಟಿನ್ ಹಾಕುತ್ತಾರೆ. ಒಗರೆಲ್ಲ ಅದಕ್ಕೆ ಅಂಟಿಕೊಂಡು ಹಾಲು ಒಡೆದಂತೆ ಬೇರೆಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕನ್ನಡಿಯಂಥ ತಿಳಿ ಸಿಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಬಾಟಲಿಯನ್ನೇ ನೀರಿನಲ್ಲಿಟ್ಟು ಗಂಟೆಗಟ್ಟಲೆ ಕುದಿಸುತ್ತಾರೆ. ಹಣ್ಣಿನ ಸಕ್ಕರೆಯೇ ಬೆಂದು ಜೇನಿನ ಬಣ್ಣ ಬರುತ್ತದೆ. ಬೇರೆ ಸಕ್ಕರೆ ಇಲ್ಲ, ಮದ್ಯ ಇಲ್ಲ. ಹೆಸರು ಕಜುಯೀನ. ಇದನ್ನು ಮಾಡುವ ಪದ್ಧತಿಯನ್ನು ಬ್ರೆಜಿಲ್ ಸರ್ಕಾರ 2014ರಲ್ಲಿ ಸಾಂಸ್ಕೃತಿಕ ಪರಂಪರೆ ಅಂತ ದಾಖಲಿಸಿದೆ.

ಜೆಲಾಟಿನ್ ಪ್ರಾಣಿಯದ್ದು, ನಮ್ಮ ಮನೆಯಲ್ಲಿ ಆಗುವುದಿಲ್ಲ. ಅದರ ಬದಲು ಗಂಜಿ ತಿಳಿ ಸಾಕು. ಬೆಳ್ತಿಗೆ ಅಕ್ಕಿಯ (ಕುಚ್ಚಲಲ್ಲದ ಬಿಳಿ ಅಕ್ಕಿ) ಗಂಜಿ ತಿಳಿ, ಪೂರ್ತಿ ಆರಿದ್ದು, ಒಂದು ಲೀಟರ್ ರಸಕ್ಕೆ ಅರ್ಧ ಲೋಟ. ಕಲಕಿ ಇಪ್ಪತ್ತು ನಿಮಿಷ ಬಿಡಿ, ಅಲುಗಾಡಿಸಬೇಡಿ. ಕೆಳಗೆ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ.

ಕಳೆದ ಸಲ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಮ್ಮನ ಮಿಕ್ಸಿಯಲ್ಲಿ ಮಾಡಿದೆ. “ಎಂಥದು ಮಾರಾಯ್ತಿ, ಅಷ್ಟು ದೂರ ಹೋಗಿ ದನಕ್ಕೆ ಹಾಕುವುದನ್ನು ಕಲಿತು ಬಂದೆಯಾ?” ಅಂದರು ಅಮ್ಮ. ಲೋಟ ಕೈಯಲ್ಲಿ ಹಿಡಿದು ಎರಡು ಸಲ ಮೂಸಿದರು. ಒಂದು ಗುಟುಕು ಕುಡಿದು ಸುಮ್ಮನಾದರು. ಆಮೇಲೆ ಅಪ್ಪನಿಗೆ ಅಂತ ಇಟ್ಟಿದ್ದ ಲೋಟವನ್ನೂ ತೆಗೆದುಕೊಂಡು ಜಗಲಿಗೆ ಹೋದರು. ಅಪ್ಪನಿಗೆ ಸಿಕ್ಕಿದ್ದು ಪಾತ್ರೆಯ ತಳದ ಶೊರೀನ್ಯು ಮಾತ್ರ. ಅದಕ್ಕೂ ಅವರು ಚಿಟಿಕೆ ಉಪ್ಪು ಹಾಕಿಕೊಂಡರು.

ಸೋಸಲು ಹಳೆಯ ಬಟ್ಟೆಯನ್ನೇ ತೆಗೆದುಕೊಳ್ಳಿ. ಗೇರುಹಣ್ಣಿನ ಕಲೆ ಹೋಗುವುದಿಲ್ಲ. ನಾನು ಅವಸರದಲ್ಲಿ ಅಪ್ಪನ ಹೊಸ ಬೈರಾಸು ಹಿಡಿದಿದ್ದೆ. ಅದೀಗ ಕಂದು ಬಣ್ಣ ತಿರುಗಿ ಬಚ್ಚಲಿನ ಗೂಟ ಸೇರಿದೆ.